ಬಟಾಣಿ ಬಳ್ಳಿಗೆ ಹಿತ್ತಾಳೆ ಗುಂಡಿ

ಅತ್ತೆ ಅಳಿಯನ ಜೊತೆ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಬಿಟ್ಟಿದ್ದರು ಎಂದರೆ ಬಾಯಿ ಮುಚ್ಚಿಕೊಂಡಿದ್ದರು ಎಂದಲ್ಲ. ಮಾತೆಲ್ಲ ಅಳಿಯನಿಗೇ, ಆದರೆ ಹೇಳುತ್ತಿದ್ದುದು ಪುದೀನ ಗಿಡಕ್ಕೆ. ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಅಂಚು ಒಡೆದ ಕುಂಡದಲ್ಲಿ ಆ ಪುದೀನ ಇತ್ತು. ಅದಕ್ಕೆ ಎದುರಾಗಿ ಕೂತು, "ಏನಮ್ಮಾ ಪುದೀನ, ಬಚ್ಚಲಿನ ದೀಪ ಆರಿಸೋಕೆ ಕೆಲವರಿಗೆ ಕೈ ಬರಲ್ಲ ಅಲ್ವಾ" ಎಂದರೆ ಹಾಲ್‌ನಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅಳಿಯನ ಕಾಲು ಗಕ್ಕನೆ ನಿಲ್ಲುತ್ತಿತ್ತು. ಅವನೇನು ಕಮ್ಮಿಯೇ? ಕೂತಲ್ಲಿಂದಲೇ, ಆ ದೀಪ ಹಾಕಿದ್ದು ನಾನಲ್ಲ ಅಂತ ಯಾರಾದರೂ ಪುದೀನಕ್ಕೆ ಹೇಳಿ ಎಂದು ಗೋಡೆಗೆ ಕೇಳುವಂತೆ ಹೇಳುತ್ತಿದ್ದ. ಮಗುವನ್ನು ಸೊಂಟಕ್ಕೇರಿಸಿಕೊಂಡು ಇಬ್ಬರ ನಡುವೆ ಓಡಾಡುತ್ತಿದ್ದ ಹೆಂಡತಿಗೆ ತಲೆ ಚಿಟ್ಟು ಹಿಡಿದಿತ್ತು. "ನೀವು ಆ ಪುದೀನಾನೇ ಕಟ್ಕೋಬೇಕಿತ್ತು. ಈ ಮನೇಲಿ ಎಲ್ಲರ ಜೊತೆ ಚೆನ್ನಾಗಿರೋದು ಅದೊಂದೇ" ಎಂದು ಒಮ್ಮೆ ಹೇಳಿಯೂ ಬಿಟ್ಟಿದ್ದಳು.

ಜಗಳದ ಮೂಲ ಒಂದು ಇಸ್ತ್ರಿಪೆಟ್ಟಿಗೆ. ಹೋದ ವರ್ಷ ಇದೇ ವಸಂತದ ಹೊತ್ತಿಗೆ ಅಳಿಯ ಇಸ್ತ್ರಿ ಮುಗಿಸಿ, ಪೆಟ್ಟಿಗೆಯ ಹೊಟ್ಟೆಯಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದ ಕೆಂಡವನ್ನು ಸುರಿಯಲು ಹಿತ್ತಲಿಗೆ ಹೋದ. ಮೂಲೆಯಲ್ಲಿ ಜರಡಿ ಹಿಡಿದಂಥ ನುಣುಪು ಮಣ್ಣು. ಒಂದು ಎಲೆಯಿಲ್ಲ, ಒಂದು ಹುಲ್ಲುಕಡ್ಡಿಯಿಲ್ಲ. ಇಷ್ಟು ಚೆನ್ನಾದ ಖಾಲಿ ಜಾಗ ಬಿಟ್ಟು ಇನ್ನೆಲ್ಲಿ ಸುರಿಯುತ್ತಾರೆ? ಸುರಿದ. ಅತ್ತೆ ಹಿಂದಿನ ಸಂಜೆಯಷ್ಟೇ ಅಲ್ಲಿ ಮೊಣಕಾಲೂರಿ ಕೂತು ಬೀಜ ಬಿತ್ತಿದ್ದರು. ಒದ್ದೆ ಮಣ್ಣಿಗೆ ಕೆಂಡ ಬಿದ್ದು ಚುಂಯ್ ಎಂದದ್ದು ಕೇಳಿ ಸೌಟು ಹಿಡಿದುಕೊಂಡೇ ಓಡಿ ಬಂದರು. ಬರೀ ಮಣ್ಣು ಅಂದ್ಕೊಂಡೆ ಎಂದ ಅಳಿಯ. ಅಲ್ಲಿಗೆ ಸುಮ್ಮನಾಗಿದ್ದರೂ ಆಗುತ್ತಿತ್ತು. ಆದರೆ ಸುಮ್ಮನಾಗುವುದು ಅವನ ಜಾತಕದಲ್ಲೇ ಇಲ್ಲ. ಹಸಿರು ಬೇಕಾದರೆ ನನ್ನ ಹತ್ತಿರ ಹಸಿರು ಬಟ್ಟೆ ಥಾನುಗಟ್ಟಲೆ ಇದೆ, ಒಗೆದರೂ ಬಣ್ಣ ಬಿಡಲ್ಲ ಎಂದೂ ಸೇರಿಸಿದ. ಅತ್ತೆ ಸೌಟು ಕೆಳಗಿಳಿಸಿದರು. ಆಮೇಲೆ ಒಳಗೆ ಹೋಗಿ ಪುದೀನದ ಎದುರು ಕೂತು, "ಬರೀ ಮಣ್ಣಂತೆ, ಕೇಳಿದ್ಯಾ" ಎಂದರು. ಅತ್ತ ತಿರುಗಿದ ಮುಖ ಮತ್ತೆ ಇತ್ತ ತಿರುಗಲಿಲ್ಲ.

ಅಳಿಯನ ಸಿಟ್ಟಿಗೂ ಕಾರಣವಿಲ್ಲದೆ ಇರಲಿಲ್ಲ. ಅವನಿಗೆ ಮೊದಲು ಬೀದಿಯಲ್ಲಿ ಸ್ವಂತ ಅಂಗಡಿಯಿತ್ತು. ರಸ್ತೆ ಅಗಲ ಮಾಡುತ್ತೇವೆ ಎಂದು ಬಂದವರು ಅದರ ಮುಂಭಾಗವನ್ನು ಬಿಸ್ಕತ್ತು ಮುರಿದ ಹಾಗೆ ಮುರಿದು ಹೋದರು. ರಸ್ತೆ ಒಂದು ಗೇಣೂ ಅಗಲವಾಗಲಿಲ್ಲ. ಮುರಿದ ಜಾಗದಲ್ಲಿ ಈಗ ಮುರಿದವರದೇ ಜೀಪು ನೆರಳಿಗೆ ನಿಲ್ಲುತ್ತದೆ. ಆ ಜೀಪು ಕಂಡಾಗಲೆಲ್ಲ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಮೆಷಿನ್ ಹೊತ್ತುಕೊಂಡು ಹೆಂಡತಿಯ ತಾಯಿಯ ಮನೆಗೆ ಬಂದು, ಹಾಲ್‌ನ ನಡುವೆ ಕಟಿಂಗ್ ಟೇಬಲ್ ಹಾಕಿ ಕೂತ. ಮನೆಅಳಿಯ ಎಂದು ಯಾರಾದರೂ ನಕ್ಕರೆ ಅವರ ಪ್ಯಾಂಟಿನ ಸೊಂಟವನ್ನು ಬೇಕೆಂದೇ ಬಿಗಿ ಹಿಡಿದು ಹೊಲಿಯುತ್ತಿದ್ದ. ನಗುವವರು ಉಸಿರು ಬಿಡಲು ಒದ್ದಾಡಲಿ ಎಂದು.

ಹಾಲ್‌ನಲ್ಲಿ ಸಂಸಾರವೂ ನಡೆಯಬೇಕಿತ್ತಲ್ಲ, ಅದು ಬೇರೆ ಕಥೆ. ಊಟದ ತಟ್ಟೆ ಇಡುವ ಮೊದಲು ಟೇಬಲ್ಲಿನಿಂದ ಸೀಮೆಸುಣ್ಣ ಒರೆಸಬೇಕು. ಅನ್ನದಲ್ಲಿ ಕೂದಲು ಸಿಗುವ ಮನೆಗಳುಂಟು. ಇಲ್ಲಿ ಕಾಲರಿನ ಕ್ಯಾನ್ವಾಸ್ ಸಿಗುತ್ತಿತ್ತು. ಗಿರಾಕಿಗಳಿಗೆ ಟ್ರಯಲ್ ನೋಡಲು ಅಡುಗೆಮನೆಯ ಪರದೆಯೇ ಗತಿ. ಅರ್ಧ ಪ್ಯಾಂಟು ಏರಿಸಿಕೊಂಡು ನಿಂತ ಗಂಡಸು ಪರದೆಯ ಹಿಂದಿನಿಂದ, ಇವತ್ತು ಏನಮ್ಮಾ ಅಡುಗೆ ಎಂದು ಅತ್ತೆಯನ್ನು ಕೇಳುವಷ್ಟು ಸಲಿಗೆ ಬೆಳೆದಿತ್ತು.

ಇಷ್ಟನ್ನೂ ಹೆಂಡತಿ ಸಹಿಸಿದ್ದಳು. ಸಹಿಸಲು ಆಗದೆ ಹೋದದ್ದು ಮಗುವಿನ ಮುಷ್ಟಿ. ಪಾಪು ಈಗ ಬೋರಲು ಬಿದ್ದು, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿತ್ತು. ಕೈಗೆ ಸಿಕ್ಕಿದ್ದು ಬಾಯಿಗೆ. ಒಂದು ದಿನ ಅದರ ಮುಚ್ಚಿದ ಮುಷ್ಟಿಯನ್ನು ಬಿಡಿಸಿದರೆ ಒಳಗೆ ಒಂದು ಗುಂಡುಸೂಜಿ. ಹೆಂಡತಿ ಕೂಗಾಡಲಿಲ್ಲ. ಸೂಜಿಯನ್ನು ಗಂಡನ ಅಂಗೈಯಲ್ಲಿಟ್ಟು, "ಇವಳು ಅಂಬೆಗಾಲು ಇಡೋದ್ರೊಳಗೆ ಈ ಮೆಷಿನ್ ಹಾಲ್ ಬಿಟ್ಟು ಹೋಗ್ಬೇಕು. ಜೊತೆಗೆ ನೀವೂ ಹೋಗ್ತೀರೋ ಇಲ್ವೋ ನಿಮ್ಮಿಷ್ಟ" ಎಂದಳು.

ಹೋಗುವುದೆಲ್ಲಿಗೆ? ಹಿತ್ತಲಿನ ಮೂಲೆಗೆ. ಕೆಂಡ ಸುರಿದ ಮೂಲೆಯೇ. ಅಲ್ಲೊಂದು ತಗಡಿನ ಶೆಡ್ಡು ಎಬ್ಬಿಸಿದರೆ ಮೆಷಿನ್, ಟೇಬಲ್, ಗಿರಾಕಿ ಎಲ್ಲ ಅಲ್ಲಿಗೇ. ಆದರೆ ಹಿತ್ತಲು ಅತ್ತೆಯದು. ಹೆಂಡತಿ ಹೋಗಿ ಕೇಳಿದಳು. ಅತ್ತೆ ಪುದೀನದ ಎಲೆ ಸವರುತ್ತಾ, ಒಂದು ಗಿಡ ಉಳಿಸಿ ಗೊತ್ತಿಲ್ಲದವರ ಕೈಗೆ ನೆಲ ಹೇಗಮ್ಮಾ ಕೊಡೋದು ಎಂದರು. ಅಷ್ಟರಲ್ಲಿ ಅವರೇ ಹಿತ್ತಲ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಪಾದಕ್ಕೆ ಪಟ್ಟಿ ಬಿತ್ತು, ಮೆಟ್ಟಿಲು ಇಳಿಯಕೂಡದು ಎಂದು ಡಾಕ್ಟರ ಅಪ್ಪಣೆಯಾಯಿತು. ಬಟಾಣಿಯ ಮಡಿಯಲ್ಲಿ ಆಗಷ್ಟೇ ಮೊಳಕೆ ಎದ್ದಿತ್ತು. ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತ ಅತ್ತೆ ಇಡೀ ಒಂದು ಬೆಳಗ್ಗೆ ಯೋಚಿಸಿ, ಪುದೀನದ ಮೂಲಕ ಕರಾರು ಹೊರಡಿಸಿದರು. ಬಟಾಣಿ ಬಳ್ಳಿಯನ್ನು ಕಾಯಿ ಬಿಡುವ ತನಕ ಅಳಿಯಂದಿರು ಉಳಿಸಿ ತೋರಿಸಿದರೆ ಮೂಲೆ ಅವರಿಗೆ. ಒಣಗಿಸಿದರೆ ಆ ಮಾತು ಇನ್ನೊಮ್ಮೆ ಈ ಮನೆಯಲ್ಲಿ ಎತ್ತುವ ಹಾಗಿಲ್ಲ.

ಸರಿ, ಅಳಿಯ ತೋಟಗಾರನಾದ. ಹಲ್ಲು ಕಡಿಯುತ್ತಲೇ ಆದ. ಬೆಳಗ್ಗೆ ಎದ್ದು ಚೊಂಬು ಹಿಡಿದು ಹೊರಟರೆ ಗೋಡೆಯ ಮೇಲೆ ಪಕ್ಕದ ಮನೆಯ ಕಂಡಕ್ಟರನ ತಲೆ ಹಾಜರು. ಅವನು ಬಸ್ಸಿನಿಂದ ನಿವೃತ್ತನಾಗಿದ್ದರೂ ಅವನ ಬಾಯಿ ಆಗಿರಲಿಲ್ಲ. ನೀರು ಜಾಸ್ತಿಯಾಯ್ತು, ಸ್ವಲ್ಪ ಒಳಗೆ ಹೋಗು, ಮುಂದೆ ಜಾಗ ಇದೆ, ಬೇರಿಗೆ ಹಾಕು ಎಂದು ಗೋಡೆಗೆ ಗಲ್ಲ ಆನಿಸಿ ಹೇಳುತ್ತಲೇ ಇರುತ್ತಿದ್ದ. ಅಳಿಯ ಅವನ ಕಡೆ ನೋಡದೆ ನೀರು ಚೆಲ್ಲಿ ಒಳಗೆ ಬರುತ್ತಿದ್ದ.

ಆದರೆ ವಸಂತ ಅನ್ನುವುದು ಮಹಾ ನಾಚಿಕೆಗೆಟ್ಟದ್ದು. ಸಿಟ್ಟಿನ ಮುಖ ಕಂಡರೂ ಮೈಮೇಲೆ ಬೀಳುತ್ತದೆ. ಮೊದಮೊದಲು ಒಂದು ನಿಮಿಷದ ಕೆಲಸವಾಗಿದ್ದದ್ದು ಬರಬರುತ್ತಾ ಉದ್ದವಾಯಿತು. ಚಳಿಗಾಲವೆಲ್ಲ ಕೊಡೆಯ ಕಡ್ಡಿಯಂತೆ ನಿಂತಿದ್ದ ಗುಲಾಬಿಗೆ ಒಂದು ಬೆಳಗ್ಗೆ ಕೆಂಪು ಚಿಗುರು. ಎಲೆ ಹಸಿರಲ್ಲವೇ, ಇದೇನು ಕೆಂಪು ಎಂದು ಬಗ್ಗಿ ನೋಡಿದ. ಎರಡು ಬೆರಳಿನಲ್ಲಿ ಹಿಡಿದರೆ ಕೋಟಿನ ಒಳಗಿನ ಅಸ್ತರಿನ ರೇಷ್ಮೆಯಂತೆ ಜಾರಿತು. ಈರುಳ್ಳಿ ಸಾಲು ಮಣ್ಣಿನಿಂದ ನೆಟ್ಟಗೆ ಸೂಜಿ ಚುಚ್ಚಿದ ಹಾಗೆ ಎದ್ದಿತ್ತು. ಕೊತ್ತಂಬರಿ ಬೀಜದ ಸಿಪ್ಪೆಯನ್ನೇ ಟೊಪ್ಪಿ ಮಾಡಿಕೊಂಡು ಹೊರಗೆ ಬಂದು ನಿಂತಿತ್ತು. ಎಲ್ಲಕ್ಕಿಂತ ತಮಾಷೆಯೆಂದರೆ ನಲ್ಲಿಯ ಹತ್ತಿರದ ಕಂಬ. ಹ್ಯಾಂಗರ್ ನೇತುಹಾಕಲು ಎಲ್ಲಿಂದಲೋ ಒಂದು ಒಣ ಕೊಂಬೆ ತಂದು ಅವನೇ ಹೂಳಿದ್ದ, ಮೊಳೆಯನ್ನೂ ಹೊಡೆದಿದ್ದ. ಆ ಹೆಣ ಮೊಳೆಯ ಪಕ್ಕದಲ್ಲೇ ಚಿಗುರಿತ್ತು. ಇಷ್ಟು ಮಾನಗೆಟ್ಟು ಬದುಕುವುದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಬೈದ. ಬೈದು, ಮೊಳೆಯನ್ನು ಮೆಲ್ಲಗೆ ಕಿತ್ತ.

ಬಟಾಣಿಯಂತೂ ಸಂಜೆ ಬಿಟ್ಟ ಜಾಗದಲ್ಲಿ ಬೆಳಗ್ಗೆ ಇರುತ್ತಿರಲಿಲ್ಲ. ಅತ್ತೆ ಮೊದಲೇ ನಿಲ್ಲಿಸಿದ್ದ ಬಿದಿರುಕಡ್ಡಿ, ಹುರಿಯ ಬಲೆಯನ್ನು ಹಿಡಿದುಕೊಂಡು ಮೇಲೇರುತ್ತಿತ್ತು. ಕೊರಳಲ್ಲಿ ಟೇಪು ಇದ್ದೇ ಇರುತ್ತದೆ, ಅಳೆದ. ಮರುದಿನವೂ ಅಳೆದ. ಮಗುವಿಗೆ ಬಟ್ಟೆ ಹೊಲಿದ ಹಾಗೆ, ಇವತ್ತು ಸರಿಹೋದದ್ದು ನಾಳೆಗೆ ಗಿಡ್ಡ. "ಹೀಗೆ ಏರ್ತಾ ಹೋದ್ರೆ ಅಳತೆ ತಗೊಳ್ಳೋದು ಹೇಗೋ" ಎಂದು ಬಳ್ಳಿಯನ್ನು ಗದರಿದ. ಟೀ ಲೋಟ ಹಿತ್ತಲಿಗೇ ಬರತೊಡಗಿತು, ಅಲ್ಲೇ ತಣ್ಣಗಾಗತೊಡಗಿತು. ಯಾರಾದರೂ ಕಂಡರೆ ಮಾತ್ರ ಹುಳ ಹುಡುಕುವವನಂತೆ ಹುಬ್ಬು ಗಂಟಿಕ್ಕಿಕೊಳ್ಳುತ್ತಿದ್ದ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಬ್ಯಾಂಡ್ ಮಾಸ್ತರ ಬಂದ.

ಊರಿನ ಮೆರವಣಿಗೆಗಳಿಗೆಲ್ಲ ವಾದ್ಯದವರನ್ನು ಕಟ್ಟಿಕೊಂಡು ಮುಂದೆ ನಡೆಯುವ ಆಸಾಮಿ. ನಡೆಯುವಾಗ ಎದೆ ಮೊದಲು, ಮೀಸೆ ಆಮೇಲೆ, ಉಳಿದವನು ಹಿಂದಿನಿಂದ ಬರುತ್ತಿದ್ದ. ಅವನ ಕೆಂಪು ಕೋಟನ್ನು ಅಳಿಯ ಕಷ್ಟಪಟ್ಟು ಹೊಲಿದಿದ್ದ. ಭುಜಕ್ಕೆ ಜರಿಯ ಹಗ್ಗ, ತೋಳಿಗೆ ಪಟ್ಟಿ. ಮಾಸ್ತರ ಅದನ್ನು ತೊಟ್ಟು, ಬೇರೆ ಗಿರಾಕಿಗಳ ಎದುರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ತೋಳಿನ ಕೆಳಗೆ ಕಣ್ಣಿಗೂ ಕಾಣದ ಒಂದು ಎಳೆಯನ್ನು ಉಗುರಿನಿಂದ ಎಳೆದು ಹಿಡಿದ. "ಏನಯ್ಯಾ ಇದು? ನೂಲು ನೇತಾಡ್ತಿದೆ. ನಾನು ಕೋಲು ಎತ್ತಿದಾಗ ಊರೆಲ್ಲ ಇದನ್ನೇ ನೋಡ್ಬೇಕಾ?" ಎಂದ. ಊರು ನಿನ್ನ ಮೀಸೆ ನೋಡಿ ಮುಗಿಸಿದರೆ ತಾನೇ ಕಂಕುಳಿಗೆ ಬರುವುದು ಎಂದು ಅಳಿಯನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡ. ಮಾಸ್ತರ ಕೋಟನ್ನು ಟೇಬಲ್ಲಿನ ಮೇಲೆ ಬಿಸಾಕಿ, ಪೂರ್ತಿ ಎಳೆ ತೆಗೆದಿಡು, ಈ ಗುಂಡಿಗಳನ್ನೂ ಹಾಕಿಡು ಎಂದು ಒಂದು ಪೊಟ್ಟಣ ಕೊಟ್ಟು ಹೋದ. ಪೊಟ್ಟಣದಲ್ಲಿ ಹಿತ್ತಾಳೆಯ ಗುಂಡಿಗಳು. ದೊಡ್ಡವು, ಹಿಂದೆ ಕೊಂಡಿ ಇದ್ದವು, ಮುಖ ಕಾಣುವಷ್ಟು ಉಜ್ಜಿದ್ದವು.

ಅಳಿಯನ ಕಿವಿ ಕಾದಿತ್ತು. ಗುಂಡಿಗಳನ್ನು ಡಬ್ಬಿಗೆ ಎಸೆದು, ಕೊರಳಲ್ಲಿ ಟೇಪು, ಬೆರಳಲ್ಲಿ ನೂಲು ಕತ್ತರಿಸುವ ಪುಟ್ಟ ಕತ್ತರಿ, ಇದ್ದ ಹಾಗೆಯೇ ಹಿತ್ತಲಿಗೆ ಹೋಗಿ ಬಟಾಣಿಯ ಮುಂದೆ ನಿಂತ. ಕಿಟಕಿಯಲ್ಲಿ ಅತ್ತೆ ಇರಲಿಲ್ಲ, ಮಧ್ಯಾಹ್ನದ ನಿದ್ದೆ. ಗಾಳಿ ಕುಡಿದರೆ ಸಿಟ್ಟು ಇಳಿಯುತ್ತದೆ ಎಂದು ನಿಂತದ್ದು. ನಿಂತು ನೋಡುತ್ತಾನೆ, ಬಳ್ಳಿಯ ತುಂಬ ಎಳೆಗಳು. ಪ್ರತಿ ಎಲೆಯ ತುದಿಯಿಂದಲೂ ತೆಳ್ಳಗೆ, ಸುರುಳಿ ಸುರುಳಿಯಾಗಿ ಹಸಿರು ನೂಲು ನೇತಾಡುತ್ತಿದೆ. ಕೆಲವು ಗಾಳಿಯಲ್ಲಿ ತೂಗುತ್ತಿವೆ, ಕೆಲವು ಹುರಿಗೆ ಸುತ್ತಿಕೊಂಡು ಗಂಟಾಗಿವೆ. ಇಷ್ಟು ದಿನ ಅಳತೆಯ ಗುಂಗಿನಲ್ಲಿ ಇದು ಕಂಡೇ ಇರಲಿಲ್ಲ. ಹೊಲಿಗೆಯವನ ಕಣ್ಣಿಗೆ ನೇತಾಡುವ ನೂಲು ಎಂದರೆ ಹಲ್ಲಿನ ಸಂದಿಯ ನಾರು ಇದ್ದ ಹಾಗೆ. ತೆಗೆಯದೆ ನಿದ್ದೆ ಬರುವುದಿಲ್ಲ. ಒಂದನ್ನು ಕತ್ತರಿಸಿದ. ಹಾಯೆನಿಸಿತು. ಆಮೇಲೆ ಅವನು ಯೋಚಿಸಲಿಲ್ಲ, ಕೈ ತಾನೇ ಓಡಿತು. ತುದಿಯಿಂದ ಬುಡದ ತನಕ, ಮಡಿಯ ಈ ಕಡೆಯಿಂದ ಆ ಕಡೆಯ ತನಕ, ಕಿಚ್ ಕಿಚ್ ಕಿಚ್. ಹುರಿಗೆ ಗಂಟು ಬಿದ್ದವನ್ನು ಕೂಡ ಬಿಡಲಿಲ್ಲ. ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಬಳ್ಳಿ ಇಸ್ತ್ರಿ ಮಾಡಿದಷ್ಟು ಚೊಕ್ಕ. ಇದೀಗ ಫಿನಿಶಿಂಗ್ ಅಂದರೆ ಎಂದುಕೊಂಡ. ಬ್ಯಾಂಡ್ ಮಾಸ್ತರ ಬಂದು ಇಲ್ಲೊಂದು ಎಳೆ ಹುಡುಕಲಿ ನೋಡೋಣ.

ಮರುದಿನ ಊಟದ ಹೊತ್ತಿಗೆ ಗಾಳಿ ಎದ್ದಿತು. ಅಂಥಾ ಗಾಳಿಯೇನಲ್ಲ, ಒಗೆದ ಬಟ್ಟೆ ಅಲ್ಲಾಡುವಷ್ಟು. ಅಷ್ಟಕ್ಕೇ ಬಟಾಣಿ ಬಳ್ಳಿ ಬಲೆಯಿಂದ ಬಿಟ್ಟುಕೊಂಡು, ಗುಂಡಿ ಬಿಚ್ಚಿದ ಪ್ಯಾಂಟಿನಂತೆ ನಿಧಾನವಾಗಿ, ಮರ್ಯಾದೆಯೇ ಇಲ್ಲದೆ ಕೆಳಗೆ ಜಾರಿ ಮಣ್ಣಿನ ಮೇಲೆ ರಾಶಿ ಬಿತ್ತು. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ಅಳಿಯ ಓಡಿದ. ಎತ್ತಿ ಆನಿಸಿದ, ಬಿತ್ತು. ಮತ್ತೆ ಆನಿಸಿದ, ಮತ್ತೆ ಬಿತ್ತು. ಗಾಳಿಯನ್ನು ಬೈದ, ಬಿದಿರನ್ನು ಬೈದ, ಬಲೆ ಕಟ್ಟಿದವರನ್ನು ಬಾಯೊಳಗೆ ಬೈದ.

ಗೋಡೆಯ ಮೇಲೆ ಕಂಡಕ್ಟರನ ತಲೆ ಎದ್ದಿತು. ಅದಕ್ಕೆ ಎಲ್ಲ ಕಾಣಿಸಿತ್ತು.

"ನಿನ್ನೆ ಕಿಚಕಿಚ ಅಂತಿದ್ದದ್ದು ಇದೇನಾ ಟೈಲರಪ್ಪಾ? ಅವು ಬಳ್ಳಿಯ ಕೈಗಳು ಕಣಯ್ಯಾ. ಕೈಯೆಲ್ಲ ಕತ್ತರಿಸಿಬಿಟ್ಟು ಕಂಬಿ ಹಿಡ್ಕೊಂಡು ನಿಂತ್ಕೋ ಅಂದ್ರೆ ಹೇಗೆ ನಿಂತ್ಕೊಳತ್ತೆ?"

ಅಳಿಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಬಳ್ಳಿಯನ್ನು ಮೆಲ್ಲಗೆ ಕೆಳಗಿಟ್ಟ. ಶೆಡ್ಡು ಕಣ್ಣ ಮುಂದೆಯೇ ತಗಡು ತಗಡಾಗಿ ಬಿಚ್ಚಿಕೊಂಡು ಹಾರಿಹೋಯಿತು. ಒಳಗೆ ಬಂದರೆ ಅತ್ತೆ ಊಟ ಮುಗಿಸಿ, ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟು ನಿದ್ದೆ ಹೋಗಿದ್ದರು. ಎದ್ದರೆ ನೇರವಾಗಿ ಕಿಟಕಿಗೇ ಬರುವುದು. ಹೆಂಡತಿ ಮಗುವನ್ನು ಚಾಪೆಯ ಮೇಲೆ ಬಿಟ್ಟು ಬಟ್ಟೆ ಮಡಿಸುತ್ತಿದ್ದಳು. ಅವಳಿಗೆ ಏನು ಹೇಳುವುದೆಂದು ಬಗ್ಗಿ ನಿಂತವನ ಕೊರಳ ಟೇಪು ನೇತಾಡಿತು, ಪಾಪು ಅದನ್ನು ಗಪ್ಪನೆ ಹಿಡಿಯಿತು. ಹಿಡಿದು, ಟೇಪನ್ನೇ ಎಳೆಯುತ್ತಾ ಅರ್ಧ ಮೈ ಮೇಲೆತ್ತಿತು. ಅಳಿಯ ಅಲ್ಲಾಡದೆ ನಿಂತ. ಆ ಪುಟ್ಟ ಬೆರಳುಗಳು ಟೇಪಿಗೆ ಸುತ್ತಿಕೊಂಡದ್ದನ್ನು ನೋಡಿದ. ಅವನ ಮುಖ ನೋಡಿ ಹೆಂಡತಿ ಹೆದರಿದಳು. ಹೊಟ್ಟೆನೋವಾ ಎಂದು ಕೇಳಿದಳು.

"ಅಲ್ಲ. ಹಸಿರು ನೂಲು ಎಲ್ಲಿದೆ?" ಎಂದ.

ಆಮೇಲೆ ನಡೆದದ್ದನ್ನು ಹೊಲಿಗೆ ಎನ್ನಬೇಕೋ ಬೇಸಾಯ ಎನ್ನಬೇಕೋ ಗೊತ್ತಿಲ್ಲ. ಬಳ್ಳಿಯನ್ನು ಎಳೆ ಎಳೆಯಾಗಿ ಎತ್ತಿ ಬಲೆಗೆ ಆನಿಸಿ, ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿದ. ದಂಟಿಗೆ ಸೂಜಿ ತಾಗದಂತೆ ಸುತ್ತಲೂ ನೂಲು ತಂದು, ಸೊಂಟಪಟ್ಟಿಗೆ ಹಾಕುವ ಲೂಪಿನ ಹಾಗೆ ಸಡಿಲವಾಗಿ ಕುಣಿಕೆ ಬಿಟ್ಟ. ಭಾರ ಇದ್ದಲ್ಲಿ ಬಟ್ಟೆಯ ಚೂರು ಮಡಿಸಿ ಪಟ್ಟಿ ಕೊಟ್ಟ. ಆದರೂ ಕುಣಿಕೆ ಜಾರುತ್ತಿತ್ತು. ತಡೆಯಲು ಗುಂಡಿ ಬೇಕು. ಡಬ್ಬಿಯನ್ನೇ ತಂದು ಮಣ್ಣಿನ ಮೇಲೆ ಸುರಿದ. ಶರ್ಟಿನ ಗುಂಡಿ, ಪ್ಯಾಂಟಿನ ಹುಕ್ಕು, ಜಾಕೀಟಿನ ಕಪ್ಪು ಗುಂಡಿ, ಕೈಗೆ ಸಿಕ್ಕಿದ್ದು ಸಿಕ್ಕಿದಲ್ಲಿ. ಬಾಯಲ್ಲಿ ಸೂಜಿ, ಮೊಣಕಾಲಿಗೆ ಕೆಸರು, ಕಿವಿಯ ಹತ್ತಿರ ಒಂದು ಜೇನುನೊಣ. ಗೋಡೆಯ ಮೇಲಿನಿಂದ ಕಂಡಕ್ಟರ, ಎಡಗಡೆ ಇನ್ನೊಬ್ಬರು ನಿಲ್ಲಬಹುದು, ಸ್ವಲ್ಪ ಅಡ್ಜಸ್ಟ್ ಮಾಡು ಎನ್ನುತ್ತಿದ್ದ. ಹೆಂಡತಿ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತು ಒಂದು ಕಣ್ಣು ಅಮ್ಮನ ಮೇಲೆ, ಒಂದು ಕಣ್ಣು ಗಂಡನ ಮೇಲೆ ಇಟ್ಟು ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಅತ್ತೆ ಎದ್ದು ಕಿಟಕಿಗೆ ಬರುವಾಗ ಅಳಿಯ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಅವರು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು.

"ಪುದೀನ, ಬಟಾಣಿ ಇವತ್ತು ಯಾಕೋ ತುಂಬ ಶಿಸ್ತಾಗಿ ನಿಂತಿದೆ" ಎಂದರು.

ಗಾಳಿ ನಿಂತಿತಲ್ಲ, ಅದಕ್ಕೇ ಇರಬೇಕು ಎಂದು ಅಳಿಯ ನಲ್ಲಿಗೆ ಹೇಳಿದ.

ಅವತ್ತಿನಿಂದ ಅವನು ಹಿತ್ತಲಿಗೆ ಹೋಗುವ ಮೊದಲು ಕತ್ತರಿಯನ್ನು ಡ್ರಾಯರಿನಲ್ಲಿಟ್ಟು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಹೋಗುತ್ತಿದ್ದ. ಬಳ್ಳಿ ಒಂದೆರಡು ದಿನ ಮುನಿಸಿಕೊಂಡಿತು. ಎಲೆ ಜೋಲು ಬಿದ್ದು ಅವನ ಹೊಟ್ಟೆಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ತುದಿಯಲ್ಲಿ ಹೊಸ ಎಲೆ ಬಿಚ್ಚಿತು. ಅದರ ತುದಿಗೆ ಹೊಸ ಸುರುಳಿ, ಕಣ್ಣು ಬಿಡದ ಮರಿಯ ಬಾಲದಷ್ಟು ಎಳೆಯದು. ಬೆಳಗ್ಗೆ ಅದು ಗಾಳಿಯಲ್ಲಿ ತಡಕಾಡುತ್ತಿತ್ತು. ಮಧ್ಯಾಹ್ನ ಗಿರಾಕಿಯೊಬ್ಬನ ಅಂಗಿಯ ಟ್ರಯಲನ್ನು ಅರ್ಧಕ್ಕೆ ಬಿಟ್ಟು ಹೋಗಿ ನೋಡಿದರೆ ಒಂದು ಹುಕ್ಕನ್ನು ಮುಟ್ಟಿತ್ತು. ಸಂಜೆಗೆ ಒಂದು ಸುತ್ತು ಸುತ್ತಿತ್ತು. ಅಳಿಯ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಒಳಗೆ ಗಿರಾಕಿ ಒಂದೇ ತೋಳಿನ ಅಂಗಿ ತೊಟ್ಟು ಯಾವಾಗಲೋ ಮನೆಗೆ ಹೋಗಿದ್ದ. ಆಮೇಲೆ ಬಿಳಿ ಹೂ ಬಂತು. ಹೂವಿನ ಬೆನ್ನಿಗೆ ಚಪ್ಪಟೆ ಕಾಯಿ, ಬೆಳಕಿಗೆ ಹಿಡಿದರೆ ಒಳಗೆ ಕಾಳಿನ ಚುಕ್ಕೆ. ಹೆಂಡತಿ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡದ್ದಕ್ಕೆ ಅವಳ ಮೇಲೆ ಅರ್ಧ ದಿನ ಸಿಡಿಮಿಡಿಗೊಂಡ. ಪಾಪು ಈಗ ಮೊಣಕಾಲ ಮೇಲೆದ್ದು, ಹೊರಡಲು ತಯಾರಾದ ಬಸ್ಸಿನಂತೆ ಹಿಂದೆ ಮುಂದೆ ತೂಗುತ್ತಿತ್ತು. ಹೆಂಡತಿ ದಿನಕ್ಕೆ ಹತ್ತು ಸಲ ನೆಲ ಗುಡಿಸುತ್ತಾ, ನಿಮ್ಮ ಬಟಾಣಿ ಮೊದಲೋ ನನ್ನ ಮಗಳು ಮೊದಲೋ ನೋಡೋಣ ಎನ್ನುತ್ತಿದ್ದಳು.

ಕಾಯಿ ಇನ್ನೇನು ತುಂಬಬೇಕು, ಬ್ಯಾಂಡ್ ಮಾಸ್ತರ ಮತ್ತೆ ಬಂದ. ಸಂಜೆ ದೊಡ್ಡ ಮೆರವಣಿಗೆ, ಕೋಟು ಕೊಡು ಎಂದ. ಕೋಟಿನಲ್ಲಿ ಎಳೆ ಇರಲಿಲ್ಲ. ಗುಂಡಿಗಳೂ ಇರಲಿಲ್ಲ. ಅಳಿಯ ಡಬ್ಬಿ ತೆಗೆದ. ಡಬ್ಬಿಯ ತಳ ಕಂಡದ್ದೇ ಅವನಿಗೆ ನೆನಪಾಯಿತು, ಕಣ್ಣು ತಾನಾಗಿ ಹಿತ್ತಲ ಬಾಗಿಲಿಗೆ ಹೋಯಿತು. ಮಾಸ್ತರನ ಕಣ್ಣೂ ಅದರ ಹಿಂದೆಯೇ ಹೋಯಿತು. ಹೊರಗೆ ಬಿಸಿಲು ಬಿದ್ದು ಹಸಿರಿನ ನಡುವೆ ಸಾಲಾಗಿ ಏನೋ ಫಳಫಳ ಎನ್ನುತ್ತಿತ್ತು.

ಮಾಸ್ತರ ಹಿತ್ತಲಿಗೆ ಇಳಿದು ತನ್ನ ಮುಖವನ್ನು ಬಟಾಣಿಯ ಗುಂಡಿಯಲ್ಲಿ ನೋಡಿಕೊಂಡ. ಆಮೇಲೆ ಅವನ ಗಂಟಲಿನಿಂದ ಹೊರಟದ್ದಕ್ಕೆ ಪಕ್ಕದಲ್ಲಿ ಡೊಳ್ಳು ಬೇಕಾಗಿರಲಿಲ್ಲ. ನನ್ನ ಗುಂಡಿ ಸೊಪ್ಪಿಗೆ ಹಾಕಿದ್ದೀಯಾ, ಊರಿನ ಮುಂದೆ ನಾನು ಎದೆ ತೆರೆದುಕೊಂಡು ನಡೆಯಬೇಕಾ, ಈಗಲೇ ಕಿತ್ತುಕೊಡು ಎಂದು ಕುಣಿದ. ಅಳಿಯ ಕತ್ತರಿ ತಂದ. ತಂದು ಬಳ್ಳಿಯ ಮುಂದೆ ನಿಂತರೆ ಕೈ ಏಳಲಿಲ್ಲ. ಒಂದೊಂದು ಹಿತ್ತಾಳೆ ಗುಂಡಿಗೂ ಹೊಸ ಸುರುಳಿಗಳು ಮೂರು ಸುತ್ತು, ನಾಲ್ಕು ಸುತ್ತು ಸುತ್ತಿಕೊಂಡು ಮುಷ್ಟಿ ಕಟ್ಟಿದ್ದವು. ಗುಂಡಿ ಬಿಡಿಸಬೇಕಾದರೆ ಮತ್ತೆ ಕೈ ಕತ್ತರಿಸಬೇಕು. ಹಿಂದಿನಿಂದ ಮಾಸ್ತರ, ಏನಯ್ಯಾ ನೋಡ್ತೀಯಾ, ಕತ್ತರಿಸು ಎಂದು ಒದರಿದ. ಅಳಿಯ ಕತ್ತರಿ ಎತ್ತಿದ.

"ಕತ್ತರಿ ಕೆಳಗಿಡಪ್ಪ."

ಅತ್ತೆ ಮೆಟ್ಟಿಲು ಇಳಿದು ಬಂದಿದ್ದರು. ಪಟ್ಟಿ ಕಟ್ಟಿದ ಕಾಲು, ಗೋಡೆಗೆ ಒಂದು ಕೈ. ಗಲಾಟೆ ಕೇಳಿ ಡಾಕ್ಟರನ್ನೂ ಮರೆತು ಬಂದಿದ್ದರು, ಪುದೀನವನ್ನೂ ಮರೆತು ಬಂದಿದ್ದರು. ಒಂದು ವರ್ಷದ ಮೇಲೆ ನೇರವಾಗಿ ತನಗೇ ಬಿದ್ದ ಮಾತು ಎಂದು ಗೊತ್ತಾಗಲು ಅಳಿಯನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಸುತ್ತ ನೋಡಿದ, ಬೇರೆ ಯಾರಿಗಾದರೂ ಹೇಳಿದರೋ ಎಂದು.

ಅತ್ತೆ ಮಡಿಯ ಉದ್ದಕ್ಕೂ ಕುಂಟುತ್ತಾ ನಡೆದರು. ಬಗ್ಗಿ ಒಂದು ಕುಣಿಕೆ ಎಳೆದು ನೋಡಿದರು. ಬಟ್ಟೆಚೂರಿನ ಪಟ್ಟಿ ಮುಟ್ಟಿದರು. ಕತ್ತರಿಸಿದ ಹಳೆಯ ಸುರುಳಿಗಳ ಒಣ ಮೊಂಡುಗಳನ್ನೂ ನೋಡಿದರು, ನೋಡಿ ಅಲ್ಲೇ ನಿಂತರು. ಅಳಿಯ ಕತ್ತರಿಯನ್ನು ಕೆಳಗಿಟ್ಟ. ಸುಳ್ಳು ಹೇಳಬಹುದಿತ್ತು. ಹುಳ, ಹಕ್ಕಿ, ಪಕ್ಕದ ಮನೆಯ ಬೆಕ್ಕು, ಬೇಕಾದಷ್ಟು ಇದ್ದವು. ಆದರೆ ಸುಳ್ಳು ಹೇಳಲೂ ಒಂದು ತಾಳ್ಮೆ ಬೇಕು. ಅವನಿಗೆ ಅದಿರಲಿಲ್ಲ.

"ಕತ್ತರಿಸಿದ್ದು ನಾನೇ. ನೂಲು ಅಂದ್ಕೊಂಡೆ. ಹೊಲಿದಿದ್ದೂ ನಾನೇ. ಮೂಲೆ ಕೊಡಲ್ಲ ಅಂದ್ರೆ ಬೇಡ, ಆದ್ರೆ ಇದನ್ನ ಇನ್ನೊಂದ್ಸಲ ನನ್ನ ಕೈಲಿ ಕತ್ತರಿಸ್ಬೇಡಿ" ಎಂದ. ಬೇಡಿಕೊಂಡದ್ದೇ ಆದರೂ ಕೇಳಿದವರಿಗೆ ಜಗಳದ ಹಾಗಿತ್ತು.

ಅತ್ತೆ ಅವನನ್ನು ದಾಟಿ ಮುಂದೆ ಬಂದರು. ಮಾಸ್ತರನ ಕಡೆ ತಿರುಗಿದರು. ನಮ್ಮ ಅಳಿಯಂದಿರು ಹೊಲಿದದ್ದು ಇದು, ಕೊಯ್ಲು ಮುಗಿಯುವ ತನಕ ಒಂದು ಗುಂಡಿಯನ್ನೂ ಮುಟ್ಟುವ ಹಾಗಿಲ್ಲ ಎಂದು ಸಮಾಧಾನವಾಗಿ ಹೇಳಿದರು. ಮಾಸ್ತರ ಮೀಸೆ ಹುರಿ ಮಾಡಿ ಬಾಯಿ ತೆರೆದ. ಅತ್ತೆ ಬಲಿತ ಒಂದು ಕಾಯಿ ಕಿತ್ತು, ಸುಲಿದು, ಕಾಳುಗಳನ್ನು ಆ ತೆರೆದ ಬಾಯಿಯ ಮುಂದೆ ಹಿಡಿದರು. ಎದುರಿಗೆ ಹಿರಿಯ ಹೆಂಗಸು ಕೈ ಚಾಚಿ ನಿಂತಿರುವಾಗ ಬಡಪಾಯಿ ಏನು ಮಾಡಿಯಾನು? ತಿಂದ. ಸಿಹಿಯಾಗಿತ್ತು. ಬಾಯಲ್ಲಿ ಸಿಹಿ ಇಟ್ಟುಕೊಂಡು ಬೈಯುವುದು ಬ್ಯಾಂಡ್ ಮಾಸ್ತರನಿಗೂ ಆಗದ ಕೆಲಸ. ಅಷ್ಟರಲ್ಲಿ ಅಳಿಯ ಒಳಗೆ ಹೋಗಿ ತನ್ನ ಹಳೆಯ ಅಂಗಿಯಿಂದ ಕಿತ್ತ ಗುಂಡಿಗಳಿಗೆ ಉಳಿದ ಜರಿಬಟ್ಟೆ ಬಿಗಿದು ಸುತ್ತಿ, ಕೋಟ್ಯಂತರ ಬೆಲೆಯವು ಎನ್ನುವ ಹಾಗೆ ಹೊಳೆಯುವ ಬೇರೆ ಗುಂಡಿಗಳನ್ನು ಹೊಲಿದುಕೊಟ್ಟ. ಮಾಸ್ತರ ಎದೆ ಮುಂದೆ ಮಾಡಿಕೊಂಡು, ಜೇಬಿನಲ್ಲಿ ಒಂದು ಹಿಡಿ ಬಟಾಣಿ ತುಂಬಿಕೊಂಡು ಹೋದ. ಗೋಡೆಯ ಮೇಲಿನಿಂದ ಕಂಡಕ್ಟರ, ರೈಟ್ ರೈಟ್ ಎಂದ.

ಮರುದಿನ ಅತ್ತೆ ಕುರ್ಚಿಯನ್ನು ಹಿತ್ತಲಿಗೇ ಹಾಕಿಸಿಕೊಂಡರು. ಮೂಲೆಯ ಅಳತೆ ತೆಗೆದುಕೋ ಎಂದರು. ನೇರವಾಗಿ, ಪುದೀನವನ್ನು ಕರೆಯದೆ, ಮುಖ ನೋಡಿ. ಅಳಿಯ ಸೀಮೆಸುಣ್ಣ, ಟೇಪು ತಂದು ಮೊಣಕಾಲೂರಿದ. ಗೆರೆ ಎಳೆಯಲು ಮಣ್ಣಿಗೆ ಕೈ ಇಟ್ಟವನು ನಿಂತ. ಕೆಂಡ ಸುರಿದ ಜಾಗದಲ್ಲಿ ನೆಲ ಸಣ್ಣಗೆ ಬಿರಿದಿತ್ತು. ಬಿರುಕಿನಲ್ಲಿ ಎರಡೆರಡು ಎಲೆಯ ಹಸಿರು ಮೊಳಕೆಗಳು ತಲೆ ಎತ್ತಿದ್ದವು. ಹೋದ ವರ್ಷ ತಾನು ಸುಟ್ಟ ಬೀಜಗಳು. ಸತ್ತಿರಲಿಲ್ಲ ಹಾಗಾದರೆ.  ಗೆರೆಯನ್ನು ಒಂದು ಗೇಣು ಈಚೆಗೆ ಎಳೆದ. ಅಲ್ಲೂ ಒಂದು ಮೊಳಕೆ. ಇನ್ನಷ್ಟು ಈಚೆಗೆ ಎಳೆದ. ಪ್ಯಾಂಟು ಹೊಲಿಯುವವನಂತೆ ಒಂದು ಬದಿಯಲ್ಲಿ ಸೊಂಟ ಹಿಡಿದ, ಇನ್ನೊಂದು ಬದಿಯಲ್ಲಿ ಕಾಲು ಗಿಡ್ಡ ಮಾಡಿದ. ಹಿಡಿದು ಹಿಡಿದು ಕೊನೆಗೆ ಉಳಿದದ್ದು ಒಬ್ಬ ತೆಳ್ಳಗಿನ ಮನುಷ್ಯ ಉಸಿರು ಬಿಗಿಹಿಡಿದು ನಿಲ್ಲಬಹುದಾದ ಶೆಡ್ಡು.

"ಇದರೊಳಗೆ ಮೆಷಿನ್ ಇಡ್ತೀಯೋ ಸೂಜಿ ಇಡ್ತೀಯೋ?" ಎಂದರು ಅತ್ತೆ.

ಅಳಿಯ ತಲೆ ಎತ್ತದೆ, ಇದು ಬರೀ ಮಣ್ಣಲ್ಲ, ಬೀಜ ಬಂದಿದೆ, ಇನ್ನೊಂದು ಸಲ ಕೊಲ್ಲುವವನು ನಾನಲ್ಲ ಎಂದು ಗುರುಗುಟ್ಟಿದ. ಅತ್ತೆ ಕುರ್ಚಿಯಿಂದ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ಹೆಗಲು ಅಲ್ಲಾಡತೊಡಗಿತು. ಬಾಗಿಲಲ್ಲಿದ್ದ ಹೆಂಡತಿ ಅಮ್ಮ ಅಳುತ್ತಿದ್ದಾರೆಂದು ಓಡಿ ಬಂದಳು. ಅಳುತ್ತಿರಲಿಲ್ಲ.

"ಅದು ಕಳೆ ಕಣಪ್ಪ" ಎಂದರು ಅತ್ತೆ, ಉಸಿರು ಸಿಕ್ಕ ಮೇಲೆ. "ದಿನಾ ಬುಟ್ಟಿಗಟ್ಟಲೆ ಕಿತ್ತು ಬಿಸಾಕ್ತಿದ್ದೆ ಅದನ್ನ. ಕಿತ್ತು ಹಾಕಿ ನೆಟ್ಟಗೆ ಗೆರೆ ಎಳಿ. ಶೆಡ್ಡಿನ ಹೊರಗಿನ ಗೋಡೆಗೆ ಮಾತ್ರ ಬಲೆ ಹೊಡೀಬೇಕು, ಮುಂದಿನ ಬಟಾಣಿ ಅಲ್ಲಿಗೇ ಏರ್ಲಿ. ಹೊಲಿಯೋದು ಬಿಡೋದು ನಿನಗೆ ಬಿಟ್ಟಿದ್ದು."

ಕಳೆ ಎಂದು ಮೊದಲೇ ಬರೆದು ಅಂಟಿಸಬಾರದಿತ್ತಾ ಎಂದು ಅಳಿಯ ರೇಗಿದ. ಯಾರ ಮೇಲೆ ಎಂದು ಅವನಿಗೂ ಗೊತ್ತಿರಲಿಲ್ಲ. ರೇಗುತ್ತಲೇ ಕಿತ್ತ.

ಎಲ್ಲವನ್ನೂ ಕೀಳಲಿಲ್ಲ ಎಂಬುದು ಶೆಡ್ಡು ಎದ್ದ ಮೇಲೆ ಗೊತ್ತಾಯಿತು. ಮೆಷಿನ್ ಹಾಲ್ ಬಿಟ್ಟ ದಿನವೇ ಪಾಪು ಚಾಪೆ ಬಿಟ್ಟು, ಸೂಜಿಯಿಲ್ಲದ ಖಾಲಿ ನೆಲದ ಮೇಲೆ ಅಂಬೆಗಾಲಿಕ್ಕಿ ನೇರವಾಗಿ ಅಡುಗೆಮನೆಗೆ ಹೋಯಿತು. ಅದನ್ನು ಎತ್ತಿಕೊಳ್ಳಲು ಹಿಂದೆ ಹೋದ ಅತ್ತೆಗೆ ಕಿಟಕಿ ಕಟ್ಟೆಯ ಮೇಲೆ ಪುದೀನದ ಪಕ್ಕ ಗುಂಡಿಯ ಹಳೇ ಡಬ್ಬಿ ಕಾಣಿಸಿತು. ಡಬ್ಬಿಯಲ್ಲಿ ಮಣ್ಣು. ಮಣ್ಣಿನಲ್ಲಿ ಎರಡೆಲೆಯ ಒಂದು ಕಳೆ, ಬಿದ್ದುಹೋಗದಂತೆ ಹಸಿರು ನೂಲಿನಿಂದ ಕಡ್ಡಿಗೆ ಹೊಲಿದದ್ದು.

ಅತ್ತೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟೋ ದಿನದ ಮೇಲೆ ಕಿಟಕಿಯ ಮುಂದೆ ಕೂತರು.

"ಏನಮ್ಮಾ ಪುದೀನ," ಎಂದರು, ಶೆಡ್ಡಿಗೆ ಕೇಳುವಷ್ಟು ಗಟ್ಟಿಯಾಗಿ, "ಯಾರಿದು, ಹೊಸ ಮನೆಅಳಿಯನಾ?"

ಹೊರಗೆ ಮೆಷಿನ್ ಗಕ್ಕನೆ ನಿಂತಿತು.